ಮೇಣದ ಕಾಲು

ಅಕ್ಕಾ,

ಪೋರ್ಚುಗಲ್ಲಿನ ಹಳೆಯ ಕಡಲ ಪೇಟೆಗೆ ಬಂದಿದ್ದೇವೆ. ನಮ್ಮಲ್ಲಿ ದೇವರಿಗೆ ಬೆಳ್ಳಿಯ ಕಾಲು ಒಪ್ಪಿಸುವಂತೆ, ಇಲ್ಲಿನ ಗುಡ್ಡದ ಮೇಲಿನ ಇಗರ್ಜಿಯಲ್ಲಿ ಹರಕೆಗೆ ಮೇಣದ ಕೈಕಾಲು ನೇತುಹಾಕುತ್ತಾರೆ. ಅಲ್ಲಿ ದೋಹಾದಲ್ಲಿ ನಿನ್ನ ಮಗ ಸೃಜನ್‌ನ ಆರನೇ ಕಾಲ್ಬೆರಳಿನ ಆಪರೇಶನ್ ಸಲೀಸಾಗಲೆಂದು ನಾನೂ ಮಗುವಿನ ಕಾಲೊಂದನ್ನು ಕೊಂಡೆ. ಸುತ್ತಿದ ಕಾಗದ ಬಿಚ್ಚಿದಾಗ ನನ್ನವಳು ಅಶ್ವಿತಾ ಬೆಚ್ಚಿದಳು: "ಇದೆಂತ ಮಾರಾಯ್ರೆ, ಇದಕ್ಕೂ ಆರು ಬೆರಳುಂಟಲ್ಲ!"

ಅಂಗಡಿಯ ಅಜ್ಜಿಗೆ ಬೆರಳಿನ ವಿಷಯ ನಾನು ಹೇಳಿರಲೇ ಇಲ್ಲ. ಆದರೂ ಕೈಮುಗಿದು ನೇತುಹಾಕಿದೆ. ಬಾಗಿಲಿನಿಂದ ತಿರುಗಿ ನೋಡಿದರೆ ಅದರಲ್ಲಿ ಐದೇ ಬೆರಳು. ನೆಲದಲ್ಲಿ ಏನೂ ಬಿದ್ದಿರಲಿಲ್ಲ.

ನನಗೆ ಸ್ವಲ್ಪ ಶೀತ, ಬೇರೆ ತೊಂದರೆಯಿಲ್ಲ. ಬಾವನಿಗೆ ಹೇಳಬೇಡ, ನಗುತ್ತಾರೆ. ಫೋನ್ ಮಾಡಲು ಧೈರ್ಯ ಬರಲಿಲ್ಲ, ಅದಕ್ಕೇ ಕಾರ್ಡ್. ಸಿಕ್ಕಿದ ಕೂಡಲೇ ಮಗುವಿನ ಕಾಲುಚೀಲ ಬಿಚ್ಚಿ ನೋಡು.

ತಮ್ಮ ದುಗ್ಗು