ಟವರ್ ಬರುವ ಮುಂಚೆ

ನಿಪ್ಪಾಣಿ
೯ ಸೆಪ್ಟೆಂಬರ್ ೨೦೧೪

ಗೆಳತಿ ಜಿನಮತಿಗೆ ಶುಭಾಂಗಿಯ ಪ್ರೀತಿಯ ನೆನಪುಗಳು.

ನೀನು ಕಳಿಸಿದ ಫಾರ್ಮು ಬಂದು ಹನ್ನೆರಡು ದಿನವಾಯಿತು. ‘ದೂರದೃಷ್ಟಿಯ ತಂತ್ರಜ್ಞಾನ ಉದ್ಯಮಿ’ ಪ್ರಶಸ್ತಿಗೆ ನಮ್ಮ ಮಲಕಾರಿ ಸರ್ ಹೆಸರು ನಿಮ್ಮ ಸಂಘದಲ್ಲಿ ಬಂದಿದೆಯೆಂದು ತಿಳಿದು ಸಂತೋಷವಾಯಿತು. ‘ಇವರ ದೂರದೃಷ್ಟಿಗೆ ಒಂದು ಉದಾಹರಣೆ’ ಎಂದು ಕೇಳಿ ಐದು ಗೆರೆ ಬಿಟ್ಟಿದ್ದೀರಿ. ನನಗೆ ಐದು ಗೆರೆ ಸಾಲಲಿಲ್ಲ, ಅದಕ್ಕೇ ಈ ಪತ್ರ.

ಸರ್ ಬಗ್ಗೆ ಪೇಪರಿನಲ್ಲಿ ಬಂದದ್ದನ್ನು ನೀನೂ ಓದಿರುತ್ತಿ. ಬೋರಗಾಂವದ ಕುರಿ ಕಾಯುವ ಮನೆತನ, ಡಿಪ್ಲೊಮಾ ಓದು, ಆಮೇಲೆ ೨೦೦೯ರಲ್ಲಿ ಇಲ್ಲಿ ಮೂರು ಕೋಣೆಯಲ್ಲಿ ಶುರು ಮಾಡಿದ ಕಂಪನಿ. ರೈತ ಎಲ್ಲಿಂದಲೋ ಮೊಬೈಲಿನಲ್ಲಿ ಒಂದು ಮೆಸೇಜು ಕಳಿಸಿದರೆ ಬಾವಿಯ ಮೋಟಾರು ತಾನೇ ಶುರುವಾಗುವ ಪೆಟ್ಟಿಗೆ. ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನು ಇಲ್ಲದ ಕಾಲದಲ್ಲೇ ಇದನ್ನು ಯೋಚಿಸಿದವರು ಎಂದು ಎಲ್ಲರೂ ಹೊಗಳಿದರು. ಹೊಗಳಲಿ. ನಾನು ಹೇಳಬೇಕೆಂದಿರುವುದು ೨೦೧೨ರ ಜುಲೈ ತಿಂಗಳ ಒಂದು ಬೆಳಗಿನ ಮಾತು. ಆಗ ಪೆಟ್ಟಿಗೆಗಳ ತಪಾಸಣೆಯ ಕೆಲಸ ನನ್ನದಾಗಿತ್ತು.

ಆ ಬೆಳಿಗ್ಗೆ ಬೇಡಕಿಹಾಳ ಕಡೆಯ ಮಾಯಪ್ಪ ಎಂಬ ರೈತ ಆಫೀಸಿಗೆ ಬಂದ. ಅವನ ಅಂಗಿಯ ಬಲತೋಳು ಭುಜದವರೆಗೂ ಹರಿದುಹೋಗಿತ್ತು.

“ನಿಮ್ಮ ಪೆಟಗಿ ನನ್ನ ಕೈ ತಿಂತಿತ್ರಿ,” ಅಂದ. “ನಿನ್ನಿ ಮುಂಜಾನಿ ಇಲ್ಲೇ ನಿಪ್ಪಾಣಿ ಸಂತಿಯಿಂದ ಮೆಸೇಜ್ ಹಾಕಿದ್ದೆ. ಮೋಟಾರ್ ಚಾಲೂ ಆಗಲಿಲ್ಲ. ಪಂಪ್ ಕೆಟ್ಟೈತೇನೋ ಅಂತ ಮಧ್ಯಾಹ್ನ ಬಾವ್ಯಾಗ ಇಳದು ಬಿಚ್ಚಾಕತ್ತಿದ್ದೆ. ತಂಬಾಕ ತಿಕ್ಕೂಣು ಅಂತ ಕೈ ತಗದೆ ನೋಡ್ರಿ, ಆಗ ಗರ್ ಅಂತ ತಿರಗಿತು. ತೋಳ ಅಷ್ಟ ಸಿಕ್ಕಿತು.”

ಸರ್ ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಮೆಸೇಜು ಹಾಕಿದಾಗ ಊರಲ್ಲಿ ಟವರ್ ಇತ್ತೇ? ಇರಲಿಲ್ಲವಂತೆ. ಮಧ್ಯಾಹ್ನ ಬಂತಂತೆ. ನನಗೆ ತಿಳಿಯಿತು. ಟವರ್ ಸತ್ತಿದ್ದಾಗ ಕಳಿಸಿದ ಮೆಸೇಜು ಎಲ್ಲೋ ಕಾದು ಕೂತು, ಟವರ್ ಬಂದ ಕೂಡಲೇ ಪೆಟ್ಟಿಗೆಗೆ ಮುಟ್ಟಿತ್ತು. ಅದು ಎಷ್ಟು ಹಳೆಯದೆಂದು ನಮ್ಮ ಪೆಟ್ಟಿಗೆ ನೋಡುತ್ತಿರಲಿಲ್ಲ, ಹೇಳಿದ್ದನ್ನು ಮಾಡಿಬಿಡುತ್ತಿತ್ತು.

ಸರ್ ತಮ್ಮ ಫೋನು ತೆಗೆದು ಬೇಡಕಿಹಾಳ ಕಡೆಯ ಒಬ್ಬರಿಗೆ ಹಚ್ಚಿದರು. ಹತ್ತಲಿಲ್ಲ. ಇನ್ನೊಬ್ಬರಿಗೂ ಹತ್ತಲಿಲ್ಲ. ಆ ದಿನವೂ ಬೆಳಗಿನಿಂದ ಆ ಭಾಗದ ಟವರ್ ಬಂದ್ ಆಗಿತ್ತು. ಅಲ್ಲಿ ನಮ್ಮ ಅರವತ್ತಕ್ಕೂ ಹೆಚ್ಚು ಪೆಟ್ಟಿಗೆಗಳಿದ್ದವು. ಯಾರು ಯಾರು ಊರ ಹೊರಗಿನಿಂದ ಮೆಸೇಜು ಹಾಕಿದ್ದಾರೋ, ಯಾರು ಈಗ ಬಾವಿಯಲ್ಲಿ ಇಳಿದಿದ್ದಾರೋ ಗೊತ್ತಿಲ್ಲ. ಎಚ್ಚರಿಸೋಣವೆಂದರೆ ಫೋನಿಲ್ಲ. ಫೋನು ಬಂದ ಗಳಿಗೆಗೇ ಮೋಟಾರುಗಳೂ ಏಳುತ್ತವೆ.

ಊರೂರಿಗೆ ಹೋಗಿಯೇ ಎಚ್ಚರಿಸಬೇಕೆಂದು ಸರ್ ಹೊರಟಾಗ ಪಾಲುದಾರ ಭಾವುಸಾಹೇಬರು ಬಾಗಿಲಿಗೆ ಅಡ್ಡ ನಿಂತರು. ಅಂದೇ ಕೊಲ್ಲಾಪುರದಿಂದ ದೊಡ್ಡ ಕಂಪನಿಯೊಂದರವರು ನಮ್ಮೊಂದಿಗೆ ಕರಾರು ಮಾಡಿಕೊಳ್ಳಲು ಬರುವವರಿದ್ದರು.

“ಮಲಕಾರಿ, ತಲಿ ಕೆಟ್ಟೈತೇನು? ಊರೂರ ಮ್ಯಾಲ ಹೋಗಿ ನಮ್ಮ ಮಾಲ್ ಖರಾಬ್ ಐತಿ ಅಂತ ಒದರ್ತೀಯೇನು? ಅವರು ಹೋಗೂತನಕ ತಡಿ, ಥಾಂಬು.”

“ಯಾರ ಕೈ ಎಲ್ಲೈತಿ ನನಗ ಕಾಣಾಕತ್ತಿಲ್ಲ, ಭಾವುಸಾಹೇಬ. ಟವರ್ ಥಾಂಬೂದಿಲ್ಲ. ನೀ ಅವರಿಗೆ ಚಾ ಕುಡಿಸು.”

“ಏನಂತ ಹೇಳಲಿ?”

“ಇದ್ದದ್ದು ಹೇಳು.”

ಜೋಡಿಸುವವರು, ಲೆಕ್ಕದವರು, ಎಲ್ಲರೂ ಏಳು ಗಾಡಿಗಳ ಮೇಲೆ ಹೊರಟೆವು. ಸಿಕ್ಕ ಪ್ರತಿ ಪೆಟ್ಟಿಗೆಯ ಫ್ಯೂಜು ಕಿತ್ತುಬಿಡಿ, ರೈತ ಬೈದರೆ ಬೈಸಿಕೊಳ್ಳಿ ಎಂದು ಸರ್ ಹೇಳಿದರು. ನಾನು ಅವರ ಗಾಡಿಯ ಹಿಂದೆ ಕೂತೆ. ಕಬ್ಬಿನ ನಡುವಿನ ಕೆಸರು ದಾರಿಯಲ್ಲಿ ಎರಡು ಸಲ ಬಿದ್ದೆವು. ಬೇಡಕಿಹಾಳದ ಗುಡಿಯ ಮೈಕಿನಲ್ಲಿ ಕೂಗಿಸೋಣವೆಂದರೆ ಪೂಜಾರಿ ಊರಲ್ಲಿರಲಿಲ್ಲ. ಕೀಲಿ ಹುಡುಕಲು ಒಬ್ಬರನ್ನು ಬಿಟ್ಟು ಮುಂದೆ ಹೋದೆವು. ದಾರಿಯುದ್ದಕ್ಕೂ ನಾನು ಕೈಯಲ್ಲಿ ಫೋನು ಹಿಡಿದು ಅದರ ಮೂಲೆಯ ಗೆರೆಗಳನ್ನೇ ನೋಡುತ್ತಿದ್ದೆ. ಬರಬೇಡ, ಈಗಲೇ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದೆ.

ಹನ್ನೊಂದನೆಯ ಬಾವಿ ಮಾಳೇಶ ಎಂಬವರದು. ದಂಡೆಯಲ್ಲಿ ಅವರ ಹೆಂಡತಿ ಲಗಮವ್ವ ಹಗ್ಗ ಹಿಡಿದು ನಿಂತಿದ್ದರು. ನಾನು ಗಾಡಿಯಿಂದ ಇಳಿದು ಒಳಗೆ ಬಗ್ಗಿ ನೋಡಿದೆ. ಮಾಳೇಶ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ಪಂಪಿನೊಳಗೆ ಹಾಕಿ ಏನೋ ಬಿಗಿಯುತ್ತಿದ್ದರು.

ಸರ್ ಗಾಡಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ, ಹಾಗೇ ಕೆಡವಿ ಓಡಿ ಫ್ಯೂಜು ಕಿತ್ತರು.

“ಯಾರ್ರೀ ನೀವು? ಕೇಳಲಾರದ ನಮ್ಮ ಕರೆಂಟ್ ಯಾಕ ತಗೀತೀರಿ?” ಎಂದು ಲಗಮವ್ವ ಏರಿ ಬಂದರು. “ನಾ ಮುಂಜಾನಿ ಚಿಕ್ಕೋಡಿಯಿಂದ ಮೆಸೇಜ್ ಹಾಕಿದ್ರೂ ಚಾಲೂ ಆಗಲಿಲ್ಲ. ಈಗ ನೀವು ಬ್ಯಾರೆ!”

ಅವರು ಇನ್ನೂ ಬೈಯುತ್ತಿದ್ದಂತೆ ನನ್ನ ಕೈಯಲ್ಲಿದ್ದ ಫೋನು ನಡುಗಿತು. ಒಂದು ಮೆಸೇಜು, ಮತ್ತೊಂದು, ಇನ್ನೊಂದು. ಟವರ್ ಬಂದಿತ್ತು. ನಮ್ಮ ಪೆಟ್ಟಿಗೆಯಲ್ಲಿ ಸಣ್ಣ ಬ್ಯಾಟರಿ ಇರುತ್ತದೆ, ಫ್ಯೂಜು ಕಿತ್ತರೂ ಅದು ಎಚ್ಚರವಾಗಿಯೇ ಇರುತ್ತದೆ. ಮುಂಜಾನೆಯ ಮೆಸೇಜು ಮುಟ್ಟಿ, ಎಲ್ಲರಿಗೂ ಕೇಳುವಂತೆ ಅದು ‘ಟಕ್’ ಅಂದಿತು. ಮೋಟಾರು ಏಳಲಿಲ್ಲ. ಬಾವಿಯೊಳಗಿನ ಕೈಗಳು ಇನ್ನೂ ಪಂಪಿನಲ್ಲೇ ಇದ್ದವು.

ಸರ್ ಬದುವಿನ ಮೇಲೆ ಕೂತರು. ಫ್ಯೂಜು ಹಿಡಿದ ಮುಷ್ಟಿ ಬಿಚ್ಚಲು ಅವರಿಂದ ಆಗಲಿಲ್ಲ. “ಉಳದವರು ಮುಟ್ಯಾರೇನ್ರಿ?” ಎಂದು ಕೇಳಿದರು. ನಾನು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದೆ. ಪೂರ್ತಿ ಲೆಕ್ಕ ಸಿಕ್ಕಿದ್ದು ಸಂಜೆ ಎಲ್ಲರೂ ಮರಳಿದ ಮೇಲೆಯೇ. ಟವರ್ ಬರುವ ಮುಂಚೆ ಒಂಬತ್ತು ಪೆಟ್ಟಿಗೆಗಳನ್ನು ನಮ್ಮವರು ಮುಟ್ಟಿರಲಿಲ್ಲ. ಅವುಗಳಲ್ಲಿ ಎರಡು ಕಡೆ ಮೋಟಾರು ತಾನಾಗಿ ಶುರುವಾಗಿತ್ತು. ಅಲ್ಲಿ ಯಾರೂ ಇರಲಿಲ್ಲ. ಇರಲಿಲ್ಲ ಅಷ್ಟೇ.

ಕೊಲ್ಲಾಪುರದವರು ಚಹಾ ಕುಡಿದು ಹೋದರು. ಭಾವುಸಾಹೇಬರು ಎರಡು ತಿಂಗಳಲ್ಲಿ ಕಂಪನಿಯಿಂದ ಬೇರೆಯಾದರು. ಅಥಣಿ, ಕಾಗವಾಡ, ರಾಯಬಾಗದವರೆಗೆ ಹೋಗಿದ್ದ ಪೆಟ್ಟಿಗೆಗಳನ್ನೆಲ್ಲ ಸರ್ ವಾಪಸು ತರಿಸಿದರು. ಈಗಿನ ಪೆಟ್ಟಿಗೆ ಹಳೆಯ ಮೆಸೇಜನ್ನು ಕೇಳುವುದಿಲ್ಲ, ಮೋಟಾರು ಏಳುವ ಮುಂಚೆ ಒಂದು ನಿಮಿಷ ಗಂಟೆ ಬಾರಿಸುತ್ತದೆ. ಇತ್ತೀಚೆಗೆ ಬೇರೆ ಕಂಪನಿಗಳೂ ಅದನ್ನೇ ಮಾಡತೊಡಗಿವೆ. ನಾವು ಮಾತ್ರ ಇನ್ನೂ ಅದೇ ಮೂರು ಕೋಣೆಯಲ್ಲಿದ್ದೇವೆ.

ಹತ್ತು ವರ್ಷ ಮುಂದಿನದನ್ನು ಕಾಣುವವರು ಇರಬಹುದು, ನನಗೆ ತಿಳಿಯದು. ಆ ದಿನ ಆಫೀಸಿನಲ್ಲಿ ನಿಂತುಕೊಂಡೇ, ಎಂದೂ ನೋಡಿರದ ಒಬ್ಬ ಮನುಷ್ಯನ ಕೈಗಳಿಗಾಗಿ ಸರ್ ಹೆದರಿದರು. ನನ್ನ ಉದಾಹರಣೆ ಅಷ್ಟೇ. ನಿನ್ನ ಐದು ಗೆರೆಗೆ ಇದರಲ್ಲಿ ಏನು ಹೊಂದುತ್ತದೋ ಅದನ್ನು ತೆಗೆದುಕೋ.

ಅವ್ವನವರಿಗೆ ನಮಸ್ಕಾರ ತಿಳಿಸು.

ನಿನ್ನ
ಶುಭಾಂಗಿ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಮಾಯಪ್ಪ ಬರುವುದಕ್ಕೆ ಎರಡು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ನನ್ನ ಮೇಜಿನ ಮೇಲಿದ್ದ ಒಂದು ಪೆಟ್ಟಿಗೆ ಆ ಹೊತ್ತಿನಲ್ಲಿ ಯಾರೂ ಮೆಸೇಜು ಕಳಿಸದೆ ‘ಟಕ್’ ಅಂದಿತ್ತು. ಒಮ್ಮೆ ಮಾತ್ರ. ಹಿಂದೆಂದೋ ಕಳಿಸಿದ ಮೆಸೇಜು ತಡವಾಗಿ ಮುಟ್ಟಿತ್ತೆಂದು ಈಗ ತಿಳಿಯುತ್ತದೆ. ಮಾಲು ಹೊರಡುವ ಗಡಿಬಿಡಿಯಲ್ಲಿ ‘ಸರಿಯಿದೆ’ ಎಂದು ಸಹಿ ಹಾಕಿ ಕಳಿಸಿಬಿಟ್ಟೆ. ಸರ್‌ಗೆ ಇದು ಇಂದಿನವರೆಗೂ ಗೊತ್ತಿಲ್ಲ. ತಪಾಸಣೆಯ ಕೆಲಸವನ್ನು ಇನ್ನೂ ನನ್ನ ಕೈಯಲ್ಲೇ ನಂಬಿ ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಮೊದಲು ಅವರಿಗೆ ಹೇಳಿ, ಆಮೇಲೆಯೇ ಈ ಪತ್ರವನ್ನು ಡಬ್ಬಿಗೆ ಹಾಕುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ, ಹೇಳಿದೆನೆಂದು ತಿಳಿ.