ಖಾಲಿ ಕೋಣೆಯ ಉಸಿರು

ಮಾರ್ಚ್ ೪, ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಗುಬ್ಬಿಯ ನಮಸ್ಕಾರ. ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ. ಅಣ್ಣನ ವಕಾಲತ್ತು ವಹಿಸಿ ಬರೆಯುತ್ತಿಲ್ಲ, ಹೆದರಬೇಡಿ. ಅವನು ಚೆನ್ನಾಗಿದ್ದಾನೆ ಎಂದರೆ ಸುಳ್ಳಾಗುತ್ತದೆ. ಹಗಲೆಲ್ಲ ಊರವರ ಲಿಫ್ಟು ರಿಪೇರಿ ಮಾಡಿ ಬರುತ್ತಾನೆ, ನಿಂತುಕೊಂಡೇ ಎರಡು ತುತ್ತು ಉಂಡು ಮಲಗುತ್ತಾನೆ. ಅಮ್ಮ ನಿಮ್ಮ ಮಾತೆತ್ತಿದರೆ, "ಅವಳಿಗೆ ನಾನು ಬೇಡವಾದೆ, ಬಿಡು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ನೀವು ಆ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದೀರಿ ಎಂದು ನನಗೆ ಗೊತ್ತಾದದ್ದು ಮೂರನೆಯವರಿಂದ.

ನಾನು ಹೇಳಬೇಕಾದದ್ದು ನಮ್ಮ ಉಸಿರಿನ ಕೋಣೆಯ ವಿಷಯ. ಪಿಸಿಒಡಿ ಇದ್ದು ಮುಟ್ಟು ಏರುಪೇರಾಗುವ ಹೆಂಗಸರ ಮೈ ತಿಂದದ್ದನ್ನು ಹೇಗೆ ಉರಿಸುತ್ತದೆ, ಮಾತ್ರೆ ಕೊಟ್ಟರೆ ಆ ಉರಿ ಬದಲಾಗುತ್ತದೆಯೇ ಎಂದು ನೋಡುವ ಸಂಶೋಧನೆಗೆ ನಿಮ್ಮನ್ನು ಸೇರಿಸಿದ್ದು ನಾನೇ ಅಲ್ಲವೇ? ಎರಡು ಸಲ ಇಡೀ ದಿನ ಅಲ್ಲಿದ್ದಿರಿ. ಒಂದು ಮಂಚ, ಒಂದು ಮೇಜು, ದಪ್ಪ ಗಾಜಿನ ಕಿಟಕಿ. ಬಾಗಿಲು ಹಾಕಿದರೆ ಇರುವೆಗೂ ಸಂದಿಲ್ಲ. ಒಳಹೋಗುವ ಗಾಳಿ, ಹೊರಬರುವ ಗಾಳಿ ಎರಡನ್ನೂ ಯಂತ್ರ ಅಳೆಯುತ್ತದೆ. ಒಳಗಿದ್ದವರ ಉಸಿರು ನನ್ನ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಯಾರೂ ಇಲ್ಲದಾಗ ಗೆರೆ ಸೊನ್ನೆಯ ಮೇಲೆ ಮಲಗಿರಬೇಕು. ದಿನಾ ಬೆಳಿಗ್ಗೆ ಬಂದ ಕೂಡಲೇ ಅದನ್ನು ನೋಡುವುದು ನನ್ನ ಕೆಲಸ.

ಅತ್ತಿಗೆ, ಆ ಗೆರೆ ಮಲಗುತ್ತಿಲ್ಲ.

ನೀವು ಮನೆ ಬಿಟ್ಟು ಹೋದ ಸ್ವಲ್ಪ ದಿನಕ್ಕೆ ಶುರುವಾಯಿತು. ಮೊದಲು ಕೂದಲೆಳೆಯಷ್ಟು ಮೇಲೆ. ಯಂತ್ರಕ್ಕೆ ಶೀತವಾಗಿದೆ ಎಂದು ನಗಾಡಿದೆವು. ತಿಂಗಳು ಕಳೆದಂತೆ ಏರಿತು. ಏರಿದ್ದು ಸುಮ್ಮನೆ ನಿಂತಿದ್ದರೆ ದೋಷ ಅನ್ನಬಹುದಿತ್ತು. ಇದು ಒಮ್ಮೆ ಇಳಿಯುತ್ತದೆ, ನಿದ್ದೆ ಹೋದವರ ಹಾಗೆ. ಮತ್ತೆ ತಟ್ಟನೆ ಏಳುತ್ತದೆ, ಹೊರಳಿದವರ ಹಾಗೆ.

ಯಂತ್ರ ನೋಡಿಕೊಳ್ಳುವ ಇಂಜಿನಿಯರನ್ನು ನಾವು ಸ್ಕ್ರೂ ಮಾಮ ಎನ್ನುತ್ತೇವೆ, ನಿಮಗೆ ನೆನಪಿರಬೇಕು. ಅವನು ಬಾಗಿಲಿನ ರಬ್ಬರು ಬದಲಾಯಿಸಿದ. ಇಲಿ ಹೊಕ್ಕಿರಬೇಕೆಂದು ಬೋನಿಟ್ಟ. ಕೊನೆಗೆ ಒಳಗೆ ಅಳತೆಯ ಸ್ಪಿರಿಟ್ ಉರಿಸಿ ಲೆಕ್ಕ ತಾಳೆ ನೋಡಿದ. ಸ್ಪಿರಿಟ್ಟಿನ ಲೆಕ್ಕ ಸರಿಯಾಗಿಯೇ ಬಂತು, ಅದರ ಮೇಲೆ ಆ ಚಿಕ್ಕ ಉಸಿರು ಬೇರೆ ಇತ್ತು. "ಯಂತ್ರ ಸರಿಯಾಗೇ ಇದೆ ಕಣಮ್ಮ, ಒಳಗೆ ಯಾರೋ ಇದಾರೆ, ಅಷ್ಟೇ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವನು ಒಬ್ಬನೇ ಒಳಗೆ ಹೋಗಿಲ್ಲ.

ಕಳೆದ ವಾರ ಒಬ್ಬ ಟೈಲರ್ ಹೆಂಗಸು ಒಳಗಿದ್ದರು. ಬಾಯಿ ತುಂಬ ಮಾತಾಡುವವರು. ಅವತ್ತು ಸಂಜೆ ಬಾಗಿಲು ತೆಗೆದರೆ ತುಟಿಯ ಮೇಲೆ ಬೆರಳಿಟ್ಟುಕೊಂಡು, ಹೆಜ್ಜೆ ಸದ್ದಾಗದ ಹಾಗೆ ಹೊರಗೆ ಬಂದರು. "ಮಗು ಮಲಗಿಸಿದೀರಿ ಅಂತ ಮೊದಲೇ ಹೇಳಬಾರದಿತ್ತಾ? ಎದ್ದುಬಿಡುತ್ತೆ ಅಂತ ಇಡೀ ದಿನ ಕೆಮ್ಮು ಬಂದರೂ ತಡ್ಕೊಂಡೆ" ಎಂದರು. ಎಲ್ಲಿತ್ತು ಎಂದು ಕೇಳಿದೆ. ಮಂಚದ ಗೋಡೆ ಕಡೆ ತೋರಿಸಿದರು. ತಾವು ಅಂಚಿಗೇ ಕೂತಿದ್ದರಂತೆ, ಅದಕ್ಕೆ ಜಾಗ ಬಿಟ್ಟು.

ಅವತ್ತೇ ನಾನು ನಿಮ್ಮ ಹಳೆಯ ಗೆರೆಗಳನ್ನು ತೆಗೆದು ನೋಡಿದ್ದು. ಎರಡನೆಯ ಸಲ ನಿಮ್ಮ ಮೈ ಮೊದಲಿಗಿಂತ ಜಾಸ್ತಿ ಉರಿಸಿತ್ತು. ಮಾತ್ರೆಯ ಗುಣ ಎಂದು ದೊಡ್ಡ ಡಾಕ್ಟರಮ್ಮ ಹಿಗ್ಗಿದ್ದರು. ಅದೇ ಮಾತ್ರೆ ತಿಂದ ಬೇರೆ ಯಾರಲ್ಲೂ ಹಾಗಾಗಿಲ್ಲ. ಅದಾದ ಕೆಲವೇ ದಿನಕ್ಕೆ ನೀವು ಹೊಟ್ಟೆನೋವೆಂದು ಗೋಡೆಗೆ ಮುಖ ಮಾಡಿ ಮಲಗಿದಿರಿ. "ತಡವಾಗಿ ಬಂದದ್ದು, ಜಾಸ್ತಿ ಹೋಗ್ತಿದೆ" ಎಂದಿರಿ. ಎದ್ದವರು ಪೆಟ್ಟಿಗೆ ಕಟ್ಟಿದಿರಿ.

ಕೇಳಬಾರದ್ದನ್ನು ಕೇಳುತ್ತೇನೆ, ಸಿಟ್ಟಾಗಬೇಡಿ. ಅವತ್ತು ಒಳಗೆ ನೀವೊಬ್ಬರೇ ಇದ್ದಿರಾ?

ದೋಷ ಹುಡುಕಲು ಮುಂದಿನ ವಾರ ಕೋಣೆಯ ಗೋಡೆ ಹಲಗೆಗಳನ್ನೆಲ್ಲ ಬಿಚ್ಚಿಹಾಕುತ್ತಾರೆ. ಅಷ್ಟರೊಳಗೆ ಒಮ್ಮೆ ಬನ್ನಿ. ಅಣ್ಣನಿಗೆ ಹೇಳುವುದಿಲ್ಲ.

ನಿಮ್ಮ
ಗುಬ್ಬಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಇಂದು ಬೆಳಿಗ್ಗೆ ಗಾಜಿನ ಹತ್ತಿರ ನಿಂತು ಮೆಲ್ಲಗೆ ನಿಮ್ಮ ಹೆಸರು ಹೇಳಿದೆ. ಆ ಗಾಜಿನಾಚೆ ಕೂಗಿದರೂ ಕೇಳುವುದಿಲ್ಲ. ತಿರುಗಿ ನೋಡಿದರೆ ಗೆರೆ ಎದ್ದು ನಿಂತಿತ್ತು.

*

ಮಾರ್ಚ್ ೧೬, ಭಾನುವಾರ

ಗುಬ್ಬೀ,

ಬಂದವಳು ನಿನ್ನ ಜೊತೆ ನೆಟ್ಟಗೆ ಮಾತಾಡದೆ, ಒಳಗೆ ಕೂತು, ಹೊರಬಂದು ಹಾಗೇ ಬಸ್ಸು ಹತ್ತಿದೆ. ನಿನಗೆ ನೋವಾಗಿದೆ, ಗೊತ್ತು. ಆಮೇಲಿನ ಕಾಗದದಲ್ಲಿ, ನಾನು ಹೋದಮೇಲೆ ಗೆರೆ ಸೊನ್ನೆಗೆ ಇಳಿಯಿತೆಂದೂ, ಸ್ಕ್ರೂ ಮಾಮ ತಾನೇ ರಿಪೇರಿ ಮಾಡಿದ್ದೆಂದು ಹೇಳಿಕೊಂಡು ತಿರುಗುತ್ತಿದ್ದಾನೆಂದೂ ಬರೆದಿದ್ದೀ. ತಿರುಗಲಿ ಬಿಡು, ಬಡಪಾಯಿ. ಗಾಜಿನಾಚೆಯಿಂದ ನನ್ನ ತುಟಿ ಅಲುಗಿದ್ದು ಕಂಡಿತು, ಏನು ಹೇಳಿದಿರಿ ಎಂದು ಕೇಳಿದ್ದೀ. ನೀನು ಕೇಳಿದ ಮೊದಲ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ.

ನಾನೊಬ್ಬಳೇ ಇರಲಿಲ್ಲ. ನನಗೆ ಅದು ಗೊತ್ತಿತ್ತು. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಿದ್ದೆ, ಮಾತ್ರೆ ಅವತ್ತಿನಿಂದಲೇ ನಿಲ್ಲಿಸಿದ್ದೆ. ಬಸಿರೇನಾದರೂ ಇದೆಯಾ ಎಂದು ನಿಮ್ಮ ನರ್ಸು ಕೇಳಿದಾಗ ಹಾಗೇನಿಲ್ಲ ಎಂದೆ. ಹಿಂದೆ ಒಮ್ಮೆ ಹೀಗೇ ಆಗಿ ನಿಮ್ಮಣ್ಣನಿಗೆ ಹೇಳಿದ್ದೆ. ಆ ಮನುಷ್ಯ ಅವತ್ತೇ ತೊಟ್ಟಿಲಿಗೆ ಮರ ಹುಡುಕಿಕೊಂಡು ಬಂದ. ಆ ಬಸಿರು ನಿಲ್ಲಲಿಲ್ಲ. ಆ ಮರ ಈಗಲೂ ಅಟ್ಟದ ಮೇಲಿದೆ, ನೀನು ಕಪಾಟಿಗೆಂದು ತಿಳಿದಿರಬಹುದು. ಇನ್ನೊಂದು ಸಲ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಯಾರೂ ಬಾಗಿಲು ತಟ್ಟದ, ಯಾರೂ ಏನನ್ನೂ ಕೇಳದ ಒಂದು ಜಾಗದಲ್ಲಿ ಒಂದು ದಿನ ಅದರ ಜೊತೆ ಇರಬೇಕು ಅನ್ನಿಸಿತು. ಅದಕ್ಕೇ ಬಂದೆ.

ಇಡೀ ದಿನ ಅದರ ಜೊತೆ ಮಾತಾಡಿದೆ. ಗೋಡೆ ಕಡೆ ಜಾಗ ಬಿಟ್ಟು ಮಲಗಿದೆ. ಒಂದೇ ಒಂದು ಕೇಳಿಕೊಂಡೆ: "ಎಲ್ಲಿಗೂ ಹೋಗಬೇಡ. ಇಲ್ಲೇ ನಿಲ್ಲು."

ನನ್ನಲ್ಲಿ ಅದು ನಿಲ್ಲಲಿಲ್ಲ, ಗುಬ್ಬಿ. ಯಾರ ತಪ್ಪೂ ಅಲ್ಲ, ಎಷ್ಟೋ ಜನಕ್ಕೆ ಹೀಗಾಗುತ್ತದೆ ಎಂದು ಇಲ್ಲಿಯ ಡಾಕ್ಟರು ಹೇಳಿದರು. ನಿನ್ನ ಮೊದಲ ಕಾಗದ ಓದುವವರೆಗೆ ನಾನೂ ಅಷ್ಟೇ ತಿಳಿದಿದ್ದೆ. ಆದರೆ ನಾನು ಹೇಳಿದ ಮಾತನ್ನು ಅದು ಮೀರಿರಲಿಲ್ಲ. ಇಲ್ಲೇ ಎಂದಿದ್ದೆ, ಅಲ್ಲೇ ನಿಂತಿತ್ತು. ಬಾಗಿಲು ಹಾಕಿದ ಆ ಕೋಣೆಯಲ್ಲಿ, ನಾನು ಈ ಊರಿಗೆ ಬಂದು ಕೂತಮೇಲೂ.

ಹೋದ ವಾರ ಒಳಗೆ ಹೋದಾಗ ಭಯವಾಯಿತು. ಬಾಗಿಲು ಮುಚ್ಚಿತು, ಕಿವಿ ಮುಚ್ಚಿದ ಹಾಗಾಯಿತು. ಮಂಚದ ಅಂಚಿಗೆ ಕೂತೆ. ಬೆನ್ನಿಗೆ ಬೆಚ್ಚಗೆ ತಾಗಿತು. ತಿರುಗಿ ನೋಡಲಿಲ್ಲ. ನೋಡಿದರೆ ಏನೂ ಕಾಣದೆ ಹೋಗಬಹುದು ಎಂಬ ಹೆದರಿಕೆ. ಹೋಗು ಎನ್ನಲು ಬಂದಿದ್ದೆ. ಬಸ್ಸಿನಲ್ಲೆಲ್ಲ ಅದನ್ನೇ ಬಾಯಿಪಾಠ ಮಾಡಿದ್ದೆ. ಎಲ್ಲಿಗೆ ಹೋಗು ಅನ್ನಲಿ? ಅದಕ್ಕೆ ಯಾರ ಮನೆ ಗೊತ್ತು? ಕೊನೆಗೆ ಬಾಯಿಗೆ ಬಂದದ್ದೇ ಬೇರೆ. "ಸಾಕು, ಎದ್ದು ಬಾ" ಎಂದೆ. ನೀನು ನೋಡಿದ್ದು ಅದನ್ನೇ.

ನಿಮ್ಮಣ್ಣನಿಗೆ ಬೇರೆ ಕಾಗದ ಹಾಕಿದ್ದೇನೆ. ಅವರು ನನಗೆ ಯಾವತ್ತೂ ಬೇಡವಾಗಿರಲಿಲ್ಲ ಎಂದು ಬರೆದಿದ್ದೇನೆ, ಎರಡನೆಯದರ ವಿಷಯವನ್ನೂ ಬರೆದಿದ್ದೇನೆ. ಬರುತ್ತೇನೆ ಎಂದಿದ್ದಾರಂತೆ, ಈಜುಕೊಳದ ಆಫೀಸಿಗೆ ಫೋನು ಮಾಡಿದ್ದರು. ಬಂದಾಗ ಕೂರಿಸಿ ಊಟ ಮಾಡಿಸಿ ಕಳಿಸುತ್ತೇನೋ, ಇಲ್ಲೇ ಇರಿಸಿಕೊಳ್ಳುತ್ತೇನೋ, ಇನ್ನೂ ಗೊತ್ತಿಲ್ಲ.

ನಿನ್ನ
ಅತ್ತಿಗೆ

ತಾ.ಕ.: ಇವತ್ತು ಬೆಳಿಗ್ಗೆ ಚಿಕ್ಕ ಮಕ್ಕಳ ತರಗತಿ. ನೀರಿನೊಳಗೆ ಉಸಿರು ಬಿಡುವುದನ್ನು ಕಲಿಸಿ, ಸೀಟಿ ಊದಿ ಎಲ್ಲರನ್ನೂ ದಡಕ್ಕೆ ಹತ್ತಿಸಿದೆ. ತಲೆ ಎಣಿಸಿದೆ, ಎಲ್ಲರೂ ಇದ್ದರು. ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಮಾತ್ರ ಸಣ್ಣ ಸಣ್ಣ ಗುಳ್ಳೆಗಳು ನಿಲ್ಲದೆ ಮೇಲೇಳುತ್ತಿದ್ದವು. ಪಂಪಿನವನು ಪೈಪು ಸೋರುತ್ತಿದೆಯೇನೋ ನೋಡುತ್ತೇನೆ ಎಂದ. ಬೇಡ ಎಂದೆ. ನಾಳೆಯಿಂದ ನೀರು ಸ್ವಲ್ಪ ಬೆಚ್ಚಗಿರಲಿ ಎಂದು ಹೇಳಿ ಬಂದಿದ್ದೇನೆ.