ನಾಳೆಮ್ಮನ ಮೂರನೇ ಅಧ್ಯಾಯ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಟೇಬಲ್ ಒರೆಸಿದೆ. ಪೆನ್ಸಿಲ್‌ಗಳಿಗೆಲ್ಲ ಮೊನೆ ಮಾಡಿದೆ. ಲ್ಯಾಪ್‌ಟಾಪ್ ತೆರೆದೆ, ‘ಅಧ್ಯಾಯ ಮೂರು: ಫಲಿತಾಂಶ’ ಎಂದು ಬರೆದೆ, ಮುಚ್ಚಿದೆ. ಬಟ್ಟೆ ಒಗೆಯಲು ಹೋದೆ. ರೂಮ್‌ಮೇಟ್ ನಕ್ಕಳು.

"ಒಗೆದಿದ್ದನ್ನೇ ಒಗೀತಿದ್ದೀಯಲ್ಲೇ, ನಾಳೆಮ್ಮ."

ಎಲ್ಲಕ್ಕೂ ‘ನಾಳೆ’ ಅನ್ನುತ್ತೇನಂತೆ; ಹಾಸ್ಟೆಲಿನಲ್ಲಿ ಈಗ ಅದೇ ನನ್ನ ಹೆಸರು.

ಫೆಬ್ರವರಿ 5

ಗೈಡ್ ಸರ್ ಕರೆದಿದ್ದರು. ಬೀಜ ನೆನೆಸಲು ಅವರೇ ಒಂದು ದ್ರಾವಣ ಕಂಡುಹಿಡಿದಿದ್ದಾರೆ, ವರ್ಷಗಟ್ಟಲೆಯ ಶ್ರಮ. ಅದರಲ್ಲಿ ನೆನೆಸಿದ ಟೊಮೆಟೊ ಬೀಜ ಹೆಚ್ಚು ಮೊಳೆಯುತ್ತದೆ ಎಂದು ತೋರಿಸುವುದು ನನ್ನ ಎಂಎಸ್ಸಿ ಪ್ರಾಜೆಕ್ಟ್. ಹೆಚ್ಚು ಮೊಳೆಯಲಿಲ್ಲ. ಬರೀ ನೀರಿನಲ್ಲಿ ನೆನೆಸಿದವಕ್ಕೂ ಇವಕ್ಕೂ ವ್ಯತ್ಯಾಸವೇ ಇಲ್ಲ. ಎರಡು ಸಲ ಟ್ರೇಗಳಲ್ಲಿ ಬಿತ್ತಿ ನೋಡಿದ್ದೇನೆ.

"ನಿನ್ನ ಕೈ ಸರಿ ಇಲ್ಲ ಕಣಮ್ಮ. ಕೆಟ್ಟ ಟ್ರೇಗಳನ್ನ ಬಿಟ್ಟು ಉಳಿದಿದ್ದನ್ನ ಬರಿ."

"ಯಾವುದೂ ಕೆಟ್ಟಿಲ್ಲ ಸರ್."

"ಮತ್ಯಾಕೆ ಬರೀತಿಲ್ಲ? ಸೋಮಾರಿತನ."

ಇರಬಹುದು ಎಂದುಕೊಂಡು ಬಂದೆ.

ಫೆಬ್ರವರಿ 20

ಇಷ್ಟು ದಿನ ಏನೂ ಇಲ್ಲ. ಈ ಡೈರಿಯಲ್ಲೂ ಇಲ್ಲ, ಅಧ್ಯಾಯದಲ್ಲೂ ಇಲ್ಲ. ಅಮ್ಮನಿಗೆ ಫೋನಿನಲ್ಲಿ "ಮುಗೀತಾ ಬಂತು" ಎಂದೆ.

ಇವತ್ತು ಡಿಪಾರ್ಟ್‌ಮೆಂಟಿನಲ್ಲಿ ಮೋಟಿವೇಶನ್ ಕ್ಲಾಸ್. ಪ್ರಾಜೆಕ್ಟ್ ಕೊಡದವರೆಲ್ಲ ಮುಂದಿನ ಸಾಲು. ಕೋಟು ಹಾಕಿದ ಭಾಷಣಕಾರರು ನನ್ನನ್ನೇ ಎಬ್ಬಿಸಿದರು.

"ಜೋರಾಗಿ ಹೇಳಮ್ಮ, ಇವತ್ತಿಂದ ನಾನು ಸೋಮಾರಿ ಅಲ್ಲ."

ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ನಿನ್ನೆನೂ ನಾನು ಸೋಮಾರಿ ಆಗಿರ್ಲಿಲ್ಲ ಸರ್. ನನಗೆ ಬರಿ ಅಂತಿರೋದು ಸುಳ್ಳನ್ನ. ಅದಕ್ಕೇ ಕೈ ಏಳ್ತಿಲ್ಲ."

ಹಿಂದೆ ಯಾರೋ ಕೆಮ್ಮಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಗೈಡ್ ಸರ್ ಎದ್ದು ಹೋದರು. ನಾನು ಕೂರಲಿಲ್ಲ.

ಫೆಬ್ರವರಿ 21

ಮೂರನೇ ಸಲ ಬಿತ್ತಿದೆ. ಹಠಕ್ಕಲ್ಲ — ಇಲ್ಲ, ಹಠಕ್ಕೇ. ದ್ರಾವಣ ಗೆದ್ದರೆ ಗೆದ್ದಿತು ಅಂತಲೇ ಬರೆಯುತ್ತೇನೆ.

ಮಾರ್ಚ್ 4

ಗೆಲ್ಲಲಿಲ್ಲ. ಅಧ್ಯಾಯ ಒಂದೇ ಉಸಿರಿಗೆ ಮುಗಿಯಿತು. ರೂಮ್‌ಮೇಟ್ ಊಟಕ್ಕೆ ಎಳೆದುಕೊಂಡು ಹೋಗಬೇಕಾಯಿತು.

ಗೈಡ್ ಸರ್ ಸಹಿ ಹಾಕುವುದಿಲ್ಲ ಎಂದರು. ನೇರ ಎಚ್‌ಓಡಿ ಮೇಡಂ ಹತ್ತಿರ ಹೋದೆ. ಕೂತು ಪೂರ್ತಿ ಓದಿದರು.

"ವೈವಾದಲ್ಲಿ ನಿನ್ನ ಪರ ಯಾರೂ ಮಾತಾಡಲ್ಲ. ಗೊತ್ತು ತಾನೆ?"

"ಗೊತ್ತು ಮೇಡಂ. ನಾನೇ ಮಾತಾಡ್ತೀನಿ."

ಅವರೇ ಸಹಿ ಹಾಕಿದರು.

ಮಾರ್ಚ್ 12, ಮಧ್ಯಾಹ್ನ

ವೈವಾ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಬೆವರಿಳಿಸಿದರು. ತಡವರಿಸಿದೆ, ಎರಡು ಪ್ರಶ್ನೆಗೆ ಗೊತ್ತಿಲ್ಲ ಎಂದೆ. ಆದರೆ ಒಂದು ಅಂಕಿಯನ್ನೂ ಬಿಟ್ಟುಕೊಡಲಿಲ್ಲ. ಪಾಸು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಗೈಡ್ ಸರ್ ಹೊರಗೆ ಬಂದರು. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ನೋಡದೆ ದಾಟಿ ಹೋದರು. ಮತ್ತೆ ವಾಪಸ್ ಬಂದರು.

"ಆ ಮೂರನೇ ಸಲದ ಟ್ರೇಗಳು ಇನ್ನೂ ಇದಾವಾ?"

"ಇದಾವೆ ಸರ್. ಒಂದನ್ನೂ ಎಸೆದಿಲ್ಲ."

"ನಡಿ. ನಾನೇ ಎಣಿಸ್ತೀನಿ."

ಟ್ರೇಗಳಿರುವ ಗಾಜಿನ ಮನೆಯ ಕೀ ಜವಾನರ ಹತ್ತಿರ. ಅವರು ಬರುವವರೆಗೆ ಇದನ್ನು ಗೀಚುತ್ತಿದ್ದೇನೆ. ಸರ್ ಅಲ್ಲೇ ಕನ್ನಡಕ ಒರೆಸುತ್ತ ನಿಂತಿದ್ದಾರೆ. ಎಣಿಸಲಿ. ಎಷ್ಟು ಸಲ ಬೇಕಾದರೂ ಎಣಿಸಲಿ. ಪಕ್ಕದಲ್ಲೇ ನಿಂತಿರುತ್ತೇನೆ, ಒಂದು ಮೊಳಕೆಯ ಲೆಕ್ಕವೂ ತಪ್ಪಲು ಬಿಡುವುದಿಲ್ಲ. ಕೀ ಬಂತು.